ಅಪ್ಪ ಬಿಟ್ಟುಕೊಟ್ಟ ಮಂಚ

ಅವರೆಕಾಯಿಯ ಸೊಗಡು ಕೈಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ. ಈ ಮಾಗಿಯಲ್ಲಿ ನಾನು ಗಾಂಧಿ ಬಜಾರಿನ ದಾರಿಯನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಒಂದು ಸ್ಟಾಪು ಮೊದಲೇ ಇಳಿದು, ಅಡ್ಡರಸ್ತೆಗಳಲ್ಲಿ ಸುತ್ತಿ ಎನ್.ಆರ್. ಕಾಲೋನಿಯ ಮನೆ ಸೇರುತ್ತಿದ್ದೆ. ಮೊನ್ನೆ ಗಿರಿಜಮ್ಮನವರ ಫೋನು ಬಂತು.

"ನಮ್ಮೋರನ್ನ ಮತ್ತೆ ಅಡ್ಮಿಟ್ ಮಾಡಿದೀವಮ್ಮಾ. ಅಲ್ಲೇ. ಇವರ ಕಾಲಿನ ಕತೆ ಆ ಡಾಕ್ಟ್ರು ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ನಿನ್ನ ಬಾ ಅನ್ನೋಕೆ ನಂಗೆ ಬಾಯಿಲ್ಲ. ಆದ್ರೂ ಹೇಳದೆ ಇರೋಕಾಗ್ಲಿಲ್ಲ."

ಅಲ್ಲೇ ಎಂದರೆ ಎಲ್ಲಿ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ನರ್ಸಿಂಗ್ ಹೋಮಿಗೆ ಹೋಗಬೇಕಾದರೆ ಬಜಾರಿನ ಅವರೆಕಾಯಿ ರಾಶಿಗಳನ್ನು ದಾಟಲೇಬೇಕು. ಸಂಜೆ ಹೊರಟೆ. ರಸ್ತೆಯ ಬದಿಯಲ್ಲಿ ಗೋಣಿಚೀಲ ಹಾಸಿ ಸುರಿದ ಕಾಯಿ, ಆರಿಸುವವರ ಗುಂಪು, ಕಾಲಡಿಯಲ್ಲಿ ಸಿಪ್ಪೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಳೆದ ವರ್ಷದ ಮಾಗಿ ನನ್ನನ್ನು ನಡುರಸ್ತೆಯಲ್ಲೇ ಹಿಡಿದು ನಿಲ್ಲಿಸಿತು.

ಕಳೆದ ವರ್ಷ ಎಂದಿಗಿಂತ ಹೆಚ್ಚು ಚಳಿಯಿತ್ತು ಎಂದು ನನ್ನ ನೆನಪು. ಇರದೆಯೂ ಇರಬಹುದು. ಅಪ್ಪನಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ನಡುಕ ಹತ್ತಿ ಜ್ವರ ಏರಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಅಪ್ಪ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತನಾದವನು. ಕಂಬಳಿಯೊಳಗಿನಿಂದಲೇ ಹೇಳಿದ:

"ಸೈಬೀರಿಯಾದ ಗಾಳಿ ಹಿಮಾಲಯ ದಾಟಿ ಬರಲ್ಲ ಅಂತ ಮಕ್ಕಳಿಗೆ ಆಣೆ ಮಾಡಿ ಹೇಳಿದ್ದೆ. ನೋಡು ಸುಮಾ, ನಮ್ಮನೆಗೇ ಬಂದಿದೆ."

"ಮಾತು ಸಾಕು, ಥರ್ಮಾಮೀಟರ್ ಬಾಯಲ್ಲಿ ಇಟ್ಕೊಳಿ" ಎಂದು ಅಮ್ಮ ಗದರಿದಳು.

ಮಾರನೆಯ ದಿನ ಬಸವನಗುಡಿಯ ಆ ನರ್ಸಿಂಗ್ ಹೋಮಿಗೆ ಸೇರಿಸಿದೆವು. ನಮ್ಮ ಮನೆಯವರೆಲ್ಲ ಮೊದಲಿನಿಂದಲೂ ಹೋಗುತ್ತಿದ್ದ ಜಾಗ. ಹಿರಿಯ ಡಾಕ್ಟರು ಅಪ್ಪನ ಬೆನ್ನು ತಟ್ಟಿ, ಇದು ಮೂತ್ರದ ಸೋಂಕು, ನಾಲ್ಕಾರು ದಿನ ಇಂಜೆಕ್ಷನ್ ಹೋದರೆ ಸರಿಹೋಗುತ್ತದೆ, ಯಾವುದಕ್ಕೂ ಹೊಟ್ಟೆಯದೊಂದು ಸ್ಕ್ಯಾನಿಂಗ್ ಮಾಡಿಬಿಡೋಣ ಎಂದರು. ಹೆದರುವಂಥದ್ದು ಏನೂ ಇರಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ. ಅಪ್ಪ ಅಲ್ಲಿಗೆ ಹೋದದ್ದು ಸಾಯುವ ಕಾಯಿಲೆಯಿಂದಲ್ಲ.

ಆ ನರ್ಸಿಂಗ್ ಹೋಮು ಹಿಂದೆ ಯಾರೋ ವಕೀಲರ ಬಂಗಲೆಯಾಗಿತ್ತಂತೆ. ಕೆಂಪು ಗಾರೆಯ ನೆಲ, ಎತ್ತರದ ಚಾವಣಿ. ಊಟದ ಮನೆಯಾಗಿದ್ದ ಕೋಣೆಗೆ ಎದುರುಬದುರಾಗಿ ಎರಡು ಮಂಚ ಹಾಕಿ ಇಬ್ಬರು ರೋಗಿಗಳ ಕೋಣೆ ಮಾಡಿದ್ದರು. ಅಪ್ಪನದು ಒಂದನೇ ಬೆಡ್ಡು, ಕಿಟಕಿಯ ಪಕ್ಕ, ದಕ್ಷಿಣದ ಗೋಡೆಗೆ ತಲೆ. ಎದುರಿನದು ಎರಡನೇ ಬೆಡ್ಡು, ಉತ್ತರದ ಗೋಡೆಗೆ ತಲೆ. ರೋಗಿಯ ಫೈಲು ಮಂಚದ ಕಾಲಿನ ಕಡೆ ಒಂದು ಕೊಕ್ಕೆಗೆ ತೂಗುತ್ತಿತ್ತು. ಸಿಸ್ಟರುಗಳು ತಮ್ಮತಮ್ಮಲ್ಲಿ ಮಾತಾಡುವಾಗ ರೋಗಿಗಳು ಬೆಡ್ಡಿನ ನಂಬರುಗಳು. ರೋಗಿಗಳ ಮುಂದೆ ಬಂದರೆ ಅಂಕಲ್, ಆಂಟಿ, ಅಜ್ಜಿ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಮರ್ಯಾದೆಯಲ್ಲವಲ್ಲ. ಆ ಹುಡುಗಿಯರು ಬಾಯಿತುಂಬ ಅಂಕಲ್ ಎನ್ನುವುದು ನನಗೂ ಹಿತವಾಗಿಯೇ ಕೇಳುತ್ತಿತ್ತು.

ಮೂರನೆಯ ದಿನಕ್ಕೆ ಅಪ್ಪನ ಜ್ವರ ಇಳಿಯತೊಡಗಿತ್ತು. ಅಂದು ಸಂಜೆ ಎರಡನೇ ಬೆಡ್ಡಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿಯಿಟ್ಟಿದ್ದ ಹಿರಿಯರೊಬ್ಬರು ಬಂದರು. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ಜೊತೆಗೆ ಹೆಂಡತಿ ಗಿರಿಜಮ್ಮ. ಸಿಸ್ಟರು ಬಂದು ಪೇಷಂಟಿನ ಹೆಸರೇನು ಎಂದು ಕೇಳಿದಾಗ ಗಿರಿಜಮ್ಮ ಸೆರಗು ಎಳೆದುಕೊಂಡು ಗಂಡನ ಮುಖ ನೋಡಿದರು. ಅವರು ನರಳುತ್ತಲೇ, "ಶಿವರುದ್ರಪ್ಪ ಅಂತ ಬರ್ಕೊಳಮ್ಮಾ. ಇವಳು ಹೇಳಲ್ಲ" ಎಂದರು.

ಅವರು ಬಂದೊಡನೆ ತಾನು ಭೂಗೋಳದ ಮೇಷ್ಟ್ರು ಎಂದು ಹೇಳಿಕೊಂಡಿದ್ದ ಅಪ್ಪನಿಗೆ ಮಾತಿಗೆ ವಸ್ತು ಸಿಕ್ಕಿತು. "ಯಾಕೆ ತಾಯಿ, ಹೆಸರು ಹೇಳಿದ್ರೆ ಏನಾಗುತ್ತೆ?"

"ಆಯಸ್ಸು ಕಮ್ಮಿ ಆಗುತ್ತಂತೆ ಮೇಷ್ಟ್ರೇ. ಮದುವೆಯಾದಾಗಿಂದ ಒಂದು ಸಲಾನೂ ಹೇಳಿಲ್ಲ."

"ಅದಕ್ಕೇ ನಾನಿನ್ನೂ ಬದುಕಿರೋದು" ಎಂದರು ಶಿವರುದ್ರಪ್ಪನವರು. "ಅಂಗಡಿ ಹುಡುಗರ ಮುಂದೆ ನನ್ನ 'ಇವರೇ' ಅಂತ ಕೂಗ್ತಾಳೆ. ಹತ್ತು ಜನ ತಿರುಗಿ ನೋಡ್ತಾರೆ."

ಅಂದು ರಾತ್ರಿ ಗಿರಿಜಮ್ಮ ಮಲಗಲಿಲ್ಲ. ಗಂಡನ ತಲೆ ಉತ್ತರಕ್ಕಿದೆ ಎಂಬುದು ಅವರಿಗೆ ದೀಪ ಆರಿಸುವ ಹೊತ್ತಿಗೆ ಹೊಳೆದಿತ್ತು. ದಿಂಬನ್ನು ಕಾಲಿನ ಕಡೆಗೆ ಹಾಕಿ ಮಲಗಿಸಲು ನೋಡಿದರು. ಆದರೆ ಹುಣ್ಣಿನ ಕಾಲನ್ನು ಎತ್ತರದಲ್ಲಿಡಲು ಮಂಚದ ಆ ತುದಿಯನ್ನೇ ಏರಿಸಿದ್ದರು. ರಾತ್ರಿ ಪಾಳಿಯ ಸಿಸ್ಟರು ಬಂದು ಬೈದು ಮತ್ತೆ ಮೊದಲಿನಂತೆ ಮಲಗಿಸಿ ಹೋದಳು.

ಬೆಳಿಗ್ಗೆ ನಾನು ಕಾಫಿಯ ಫ್ಲಾಸ್ಕು ಹಿಡಿದು ಬಂದಾಗ ಇದೇ ಚರ್ಚೆ ನಡೆದಿತ್ತು. ಅಪ್ಪನಿಗೆ ಕಾಫಿ ಇಲ್ಲ. ಸ್ಕ್ಯಾನಿಂಗ್ ಆಗುವ ತನಕ ಏನೂ ಕೊಡಬೇಡಿ, ಖಾಲಿ ಹೊಟ್ಟೆಯಲ್ಲಿರಲಿ ಎಂದಿದ್ದರು. ಕಾಫಿ ಇಲ್ಲದ ಬೆಳಗಿನಲ್ಲೂ ಅಪ್ಪ ಹುರುಪಾಗಿದ್ದ.

"ಗಣಪತಿ ಕತೇನೇ ತಗೊಳಿ ಮೇಷ್ಟ್ರೇ" ಎನ್ನುತ್ತಿದ್ದರು ಗಿರಿಜಮ್ಮ. "ಉತ್ತರಕ್ಕೆ ತಲೆ ಹಾಕಿ ಮಲಗಿತ್ತು ಅಂತ ತಾನೇ ಆ ಆನೆ ತಲೆ ಹೋಯ್ತು?"

"ಹೋದ ತಲೆಗೆ ಇವತ್ತಿಗೂ ಪೂಜೆ ನಡೀತಿದೆಯಲ್ಲ ತಾಯಿ. ನನ್ನ ತಲೆಗೆ ಇಲ್ಲೀವರೆಗೆ ಯಾರೂ ಒಂದು ಹೂವೂ ಹಾಕಿಲ್ಲ."

"ತಮಾಷೆ ಮಾಡ್ಬೇಡಿ. ನನ್ನೆದೆ ಹೊಡ್ಕೋತಿದೆ."

ಅಪ್ಪ ಅವರ ಮುಖವನ್ನು ನೋಡಿದ. ತಮಾಷೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತು. "ನೀವು ಈ ಕಡೆ ಬನ್ನಿ, ನಾನು ಆ ಕಡೆ ಬರ್ತೀನಿ. ನಂಗೆ ಉತ್ತರ ದಿಕ್ಕು ಹೊಸದಲ್ಲ. ಉತ್ತರ ಮೇಲಿರುತ್ತೆ ಅಂತ ನಲವತ್ತು ವರ್ಷ ಬೋರ್ಡಿನ ಮೇಲೆ ನಕ್ಷೆ ಬರೆದಿದೀನಿ. ಈಗ ತಲೆ ಅಲ್ಲಿಗೆ ಹೋದ್ರೆ ಏನಂತೆ?"

"ಕಿಟಕಿ ಹೋಗುತ್ತಲ್ಲ ಅಪ್ಪಾ" ಎಂದೆ.

"ನಾಳೆ ಮನೆಗೆ ಹೋಗೋನಿಗೆ ಕಿಟಕಿ ಯಾಕೆ?"

ರಾತ್ರಿ ಪಾಳಿಯ ಸಿಸ್ಟರು ಆಗಷ್ಟೆ ಶಿವರುದ್ರಪ್ಪನವರ ಬೆರಳು ಚುಚ್ಚಿ ಸಕ್ಕರೆ ನೋಡಿ, ತುಂಬ ಜಾಸ್ತಿ ಇದೆ ಎಂದು ಫೈಲಿನಲ್ಲಿ ಬರೆದಿಟ್ಟು ಮನೆಗೆ ಹೊರಡುವ ಅವಸರದಲ್ಲಿದ್ದಳು. ಕೇಳಿದ್ದಕ್ಕೆ, "ಬದಲಾಯಿಸ್ಕೊಳಿ ಅಂಕಲ್, ಬೇಗ ಬೇಗ" ಎಂದಳು. ಆಯಾ ಬಂದು ಕೈಜೋಡಿಸಿ, ಕಿಟಕಿಯ ಕಡೆಯ ಮಂಚದ ಕಾಲ ತುದಿಯನ್ನು ಏರಿಸಿ ಇನ್ನೊಂದನ್ನು ಇಳಿಸಿದಳು. ದಿಂಬು, ಹೊದಿಕೆ, ಫ್ಲಾಸ್ಕು, ಗಿರಿಜಮ್ಮನವರ ವಿಭೂತಿಯ ಡಬ್ಬಿ, ಅಪ್ಪನ ಕನ್ನಡಕ ಎಲ್ಲ ಕೋಣೆಯ ಈ ಬದಿಯಿಂದ ಆ ಬದಿಗೆ ಹೋದವು. ಫೈಲುಗಳು ಕೊಕ್ಕೆಗಳಲ್ಲೇ ಉಳಿದವು.

ಆಮೇಲೆ ನಾನು ಬಿಸಿನೀರಿಗೆಂದು ಹೊರಗೆ ಹೋದಾಗ ಸಿಸ್ಟರುಗಳ ಮೇಜಿನ ಬಳಿ ಪಾಳಿ ಬದಲಾಗುತ್ತಿತ್ತು. ರಾತ್ರಿಯವಳು ಚೀಲ ಹೆಗಲಿಗೆ ಹಾಕಿಕೊಂಡೇ ಹೇಳುತ್ತಿದ್ದಳು: "ಒಂದನೇ ಬೆಡ್ಡು ಸ್ಕ್ಯಾನಿಂಗು. ಎರಡನೇ ಬೆಡ್ಡು ಇನ್ಸುಲಿನ್ನು." ಬಸ್ಸಿನಲ್ಲಿ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದಂತೆ ಆ ಮಾತು ನನ್ನ ಕಿವಿಯ ಪಕ್ಕ ಹಾದುಹೋಯಿತು. ಈಗ ಅದು ಹಾದುಹೋಗುವುದಿಲ್ಲ. ಪಾಠ ಮಾಡುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ಅದೇ ದನಿಯಲ್ಲಿ ಬಂದು ನಿಲ್ಲುತ್ತದೆ.

ಹಗಲಿನ ಪಾಳಿಗೆ ಬಂದವಳು ಜ್ಯೋತಿ ಎಂಬ ಹುಡುಗಿ. ಅದುವರೆಗೆ ಮೇಲಿನ ಮಹಡಿಯಲ್ಲಿದ್ದವಳು, ಕೆಳಗೆ ಅಂದೇ ಮೊದಲು. ಶಿವರುದ್ರಪ್ಪನವರು ರಾತ್ರಿಯೆಲ್ಲ ನೋವಿನಲ್ಲಿ ಎದ್ದಿದ್ದು ಈಗ ಕಿಟಕಿಯ ಗಾಳಿಗೆ ನಿದ್ದೆ ಹೋಗಿದ್ದರು. ಗಿರಿಜಮ್ಮ ಹಾಲು ಬಿಸಿ ಮಾಡಿಸಲು ಹೋಗಿದ್ದರು. ನಾನು ಕಂಬಳಿ ಮಡಿಸುತ್ತಿದ್ದೆ. ಜ್ಯೋತಿ ಎರಡನೇ ಬೆಡ್ಡಿನ ಫೈಲು ನೋಡಿದಳು. ಟ್ರೇ ಹಿಡಿದು ಅಪ್ಪನ ಬಳಿ ನಿಂತಳು.

"ಅಂಕಲ್, ಇಂಜೆಕ್ಷನ್."

"ಬಾಮ್ಮಾ. ಹೊಸಬಳು ನೀನು. ಹೆಸರೇನು?"

"ಜ್ಯೋತಿ ಅಂಕಲ್. ಅಂಗಿ ಸ್ವಲ್ಪ ಮೇಲೆತ್ತಿ, ಹೊಟ್ಟೆಗೆ ಕೊಡ್ಬೇಕು."

"ಇಷ್ಟು ದಿನ ಕೈಗಾಗ್ತಿತ್ತು. ಇವತ್ತು ಹೊಟ್ಟೆಗೆ ಬಡ್ತಿನಾ?" ಅಪ್ಪ ಅಂಗಿ ಎತ್ತಿದ. "ಸ್ಕ್ಯಾನಿಂಗಿಗೆ ಇರ್ಬೇಕು. ಯಾವೂರಮ್ಮಾ?"

"ಹಿರಿಯೂರು ಅಂಕಲ್."

"ವೇದಾವತಿ ದಂಡೆ. ಮಾರಿಕಣಿವೆ ಡ್ಯಾಮು ನೋಡಿದೀಯಾ?"

"ಹತ್ತಿರಾನೇ ಅಂಕಲ್. ಆದ್ರೂ ನೋಡಿಲ್ಲ."

"ಥೂ, ಹತ್ತಿರ ಇಟ್ಕೊಂಡು ನೋಡಿಲ್ಲ ಅಂತೀಯಲ್ಲ. ರಜಾ ಸಿಕ್ಕಾಗ ಮೊದಲು ಹೋಗಿ ಬಾ."

"ಆಯ್ತು ಅಂಕಲ್. ಆಗೋಯ್ತು ನೋಡಿ, ಗೊತ್ತೂ ಆಗ್ಲಿಲ್ಲ."

ಇಬ್ಬರೂ ನಕ್ಕರು. ಹುಡುಗಿ ಹತ್ತಿಯಿಂದ ಒತ್ತಿ, ಅಂಗಿ ಸರಿಮಾಡಿ ಹೋದಳು. ಅಪ್ಪ ಅವಳ ಹೆಸರು ಕೇಳಿದ್ದ, ಊರು ಕೇಳಿದ್ದ, ಅವಳ ನದಿಯನ್ನೂ ನೆನಪಿಸಿದ್ದ. ಅವನ ಹೆಸರನ್ನು ಯಾರೂ ಕೇಳಿರಲಿಲ್ಲ. ಇಷ್ಟೇ ನಡೆದದ್ದು. ಒಬ್ಬ ಮನುಷ್ಯನನ್ನು ಕೊಲ್ಲುವುದು ಇಷ್ಟು ಸದ್ದಿಲ್ಲದೆ, ಇಷ್ಟು ಸ್ನೇಹದಲ್ಲಿ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನ ಹಣೆಯಲ್ಲಿ ಬೆವರು ಮೂಡಿತು. ಒರೆಸಿದೆ. ಮತ್ತೆ ಮೂಡಿತು. ಅಂಗಿಯ ಬೆನ್ನು ಒದ್ದೆಯಾಯಿತು. ನಾನು ಅಮ್ಮನಿಗೆ ಫೋನು ಮಾಡಿ, "ಅಪ್ಪನಿಗೆ ಚೆನ್ನಾಗಿ ಬೆವರ್ತಾ ಇದೆ ಅಮ್ಮಾ, ಜ್ವರ ಪೂರ್ತಿ ಬಿಡ್ತು" ಎಂದು ಹೇಳಿದೆ. ಕೋಣೆಗೆ ಬಂದ ಆಯಾ ಕೂಡ, ಬೆವರು ಬಂದರೆ ಒಳ್ಳೇದೇ ಅಕ್ಕಾ ಎಂದಳು. ಆ ಕಡೆಯಿಂದ ಅಮ್ಮ, "ಅವರೆಕಾಳು ನೆನೆಹಾಕಿದೀನಿ. ಇವತ್ತು ಹಿತುಕಿ ಇಟ್ಟರೆ ನಾಳೆ ಬರೋ ಹೊತ್ತಿಗೆ ಸಾರು ಮಾಡಬಹುದು" ಎಂದಳು. ಹಿತುಕಿದ ಅವರೆಬೇಳೆಯ ಸಾರಿಗಾಗಿ ಅಪ್ಪ ವರ್ಷವಿಡೀ ಕಾಯುತ್ತಿದ್ದ.

ಫೋನು ಇಟ್ಟು ತಿರುಗಿದಾಗ ಅಪ್ಪ ಗೋಡೆಯನ್ನು ನೋಡುತ್ತಿದ್ದ.

"ಸುಮಾ, ಕಿಟಕಿ ಎಲ್ಲಿ ಹೋಯ್ತು?"

ಹಾಲು ತಂದು ಕೂತಿದ್ದ ಗಿರಿಜಮ್ಮ ನಕ್ಕರು. "ನಾವು ಕದ್ಬಿಟ್ವಿ ಮೇಷ್ಟ್ರೇ. ವಾಪಸ್ ಬೇಕಾ?"

"ಯಾವ ಊರು ಇದು?" ಎಂದ ಅಪ್ಪ.

ನಾವು ಇನ್ನೂ ನಕ್ಕೆವು. ಇಡೀ ಜೀವನ ಊರು, ದಿಕ್ಕು ಎಂದು ತಮಾಷೆ ಮಾಡಿಕೊಂಡು ಬಂದವನು. ಅವನ ಮಾತು ತಪ್ಪುತ್ತಿದೆ ಎಂದು ತಿಳಿಯಲು ಅವನು ಅಷ್ಟು ತಮಾಷೆಯ ಮನುಷ್ಯನಾಗಿರಬಾರದಿತ್ತು. ಅಪ್ಪ ಏನೋ ಹೇಳಲು ಬಾಯಿ ತೆರೆದ, ಮತ್ತೆ ಕಣ್ಣು ಮುಚ್ಚಿದ. ಹಸಿವಿಗೆ ಸುಸ್ತಾಗಿದೆ, ಮಲಗಲಿ ಎಂದುಕೊಂಡೆ. ಯಾವ ಊರು ಇದು ಎಂದದ್ದೇ ಅವನ ಕೊನೆಯ ಮಾತು.

ಗಾಲಿಕುರ್ಚಿ ತಳ್ಳಿಕೊಂಡು ಅಟೆಂಡರು ಬಂದದ್ದು ಆಮೇಲೆ. ಅವನು ನೇರವಾಗಿ ಕಿಟಕಿಯ ಪಕ್ಕದ ಒಂದನೇ ಬೆಡ್ಡಿಗೆ ಹೋಗಿ ಶಿವರುದ್ರಪ್ಪನವರನ್ನು ಎಬ್ಬಿಸಿದ. "ನಡೀರಿ ಅಂಕಲ್, ಸ್ಕ್ಯಾನಿಂಗಿಗೆ."

"ನನ್ನ ಪಾದಕ್ಕೆ ಯಾವ ಸ್ಕ್ಯಾನಿಂಗಯ್ಯಾ?"

"ಹೊಟ್ಟೆದು ಅಂತ ಹೇಳಿದ್ರು. ಒಂದನೇ ಬೆಡ್ಡು."

"ಅಯ್ಯೋ, ನಮ್ಮೋರಿಗಲ್ಲಪ್ಪಾ, ಮೇಷ್ಟ್ರಿಗೆ" ಎಂದರು ಗಿರಿಜಮ್ಮ. "ಬೆಳಿಗ್ಗೆ ಮಂಚ ಬದಲಾಯಿಸ್ಕೊಂಡ್ವಿ."

"ಒಳ್ಳೇ ಕೆಲಸ ಮಾಡಿದ್ರಿ. ಇವರನ್ನ ಕರ್ಕೊಂಡು ಹೋಗಿದ್ರೆ ನನ್ನ ಗತಿ ಏನು?" ಅವನು ಹಲ್ಲು ಕಿರಿದ. ಎಲ್ಲರೂ ನಕ್ಕರು. ಆಮೇಲೆ ಅಪ್ಪನನ್ನು ನೋಡಿ, "ಒಳ್ಳೇ ನಿದ್ದೇಲಿದಾರೆ. ಅಲ್ಲೂ ಕ್ಯೂ ಇದೆ, ಆಮೇಲೆ ಬರ್ತೀನಿ" ಎಂದು ಖಾಲಿ ಕುರ್ಚಿ ತಳ್ಳಿಕೊಂಡು ಹೋದ.

ನಾನು ಇವತ್ತಿಗೂ ಹಿಂದಕ್ಕೆ ಹೋಗಿ ನಿಲ್ಲುವುದು ಅಲ್ಲಿಯೇ. ಒಂದು ತಪ್ಪು ನಮ್ಮೆಲ್ಲರ ಕಣ್ಣೆದುರೇ ನಡೆಯಲು ಹೊರಟು, ರೋಗಿಯೇ ಬಾಯಿಬಿಟ್ಟು ಕೇಳಿದ್ದರಿಂದ ನಿಂತಿತ್ತು. ಹಾಗಾದರೆ ಎರಡನೇ ಬೆಡ್ಡಿಗೆ ಬೆಳಿಗ್ಗೆಯಿಂದ ಏನೇನು ಬಂತು ಎಂದು ಆ ಅಟೆಂಡರು ಹೊರಗೆ ಹೋಗಿ ಸಿಸ್ಟರುಗಳನ್ನು ಒಂದು ಮಾತು ಕೇಳಿದ್ದರೆ? ಅವನಿಗೆ ಅದು ನಗುವ ಸಂಗತಿಯಾಗಿತ್ತು. ಯಾರೂ ಬೇಸರಪಡುವಂತೆ ಏನೂ ಆಗಲಿಲ್ಲವಲ್ಲ. ಆಗಲಿಲ್ಲ ಎಂದರೆ ಮುಗಿಯಿತು. ಅಲ್ಲಿ ಎಲ್ಲರೂ ಕೆಲಸ ಮಾಡುತ್ತಿದ್ದದ್ದೇ ಹಾಗೆ.

ಮಧ್ಯಾಹ್ನದ ಊಟಕ್ಕೆ ಮೊದಲು ಜ್ಯೋತಿ ಸಕ್ಕರೆ ನೋಡುವ ಪುಟ್ಟ ಮೆಷಿನ್ನು ಹಿಡಿದು ಎರಡನೇ ಬೆಡ್ಡಿಗೆ ಬಂದಳು. ಅಪ್ಪನ ಬೆರಳು ಚುಚ್ಚಿದಳು. ಅಪ್ಪ ಕದಲಲಿಲ್ಲ. ಅವಳು ಮೆಷಿನ್ನು ನೋಡಿದಳು, ಅಲ್ಲಾಡಿಸಿದಳು, ಇನ್ನೊಂದು ಬೆರಳು ಚುಚ್ಚಿದಳು. ಅಂಕಿಯಲ್ಲಿ ತೋರಿಸಲಾರದಷ್ಟು ಕಡಿಮೆ ಎಂದು ಎರಡು ಸಲವೂ ಬಂತು.

"ಬೆಳಿಗ್ಗೆ ಅಷ್ಟೊಂದು ಜಾಸ್ತಿ ಇತ್ತಲ್ಲ" ಎಂದಳು, ತನಗೇ ಹೇಳಿಕೊಂಡಂತೆ. "ಅಂಕಲ್ ತಿಂಡಿ ತಿಂದ್ರಾ?"

"ಸ್ಕ್ಯಾನಿಂಗ್ ಅಂತ ಏನೂ ಕೊಟ್ಟಿಲ್ಲ. ಯಾಕೆ? ಅವರಿಗೆ ಶುಗರ್ ಇಲ್ಲವಲ್ಲ" ಎಂದೆ.

ಎದುರಿನ ಮಂಚದಿಂದ ಗಿರಿಜಮ್ಮ ಹೇಳಿದರು: "ಶುಗರ್ರು ನಮ್ಮೋರಿಗಮ್ಮಾ. ಬೆಳಿಗ್ಗೆಯಿಂದ ಇಂಜೆಕ್ಷನ್ನೇ ಕೊಟ್ಟಿಲ್ಲ. ಕೇಳೋಣ ಅಂತಿದ್ದೆ."

ಆ ಹುಡುಗಿ ಮೆಷಿನ್ನನ್ನು ಹಾಸಿಗೆಯ ಮೇಲೆ ಬಿಟ್ಟಳು. ಅವಳು ಫೈಲು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಓಡಿದಳು.

ಆಮೇಲೆ ಕೋಣೆಯ ತುಂಬ ಜನ. ನರಕ್ಕೆ ಗ್ಲೂಕೋಸು ಹಾಕಿದರು, ಕೆನ್ನೆ ತಟ್ಟಿದರು, ಅಂಕಲ್ ಅಂಕಲ್ ಎಂದು ಕೂಗಿದರು. ಮೆಷಿನ್ನಿನ ಅಂಕಿ ಏರಿತು. ಅಪ್ಪ ಮಾತ್ರ ಏಳಲಿಲ್ಲ. ಸಕ್ಕರೆ ಇಲ್ಲದೆ ಮಿದುಳು ತುಂಬ ಹೊತ್ತು ಇದ್ದುಬಿಟ್ಟಿದೆ ಎಂದು ಆಂಬುಲೆನ್ಸಿನಲ್ಲಿ ಕರೆದೊಯ್ದ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು. ಅಂದು ಸಂಜೆ ಬಟ್ಟೆ ತರಲು ಮನೆಗೆ ಹೋದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಒಂದು ಪಾತ್ರೆಯಲ್ಲಿ ಹಿತುಕಿದ ಬೇಳೆ, ಇನ್ನೊಂದರಲ್ಲಿ ಸಿಪ್ಪೆ. ವಿಷಯ ಅವಳಿಗೆ ಆಗಲೇ ತಿಳಿದಿತ್ತು. ಆದರೂ ಬೆರಳುಗಳು ಕಾಳನ್ನು ಒತ್ತುತ್ತಲೇ ಇದ್ದವು. ನಾನೂ ಪಕ್ಕದಲ್ಲಿ ಕೂತು ಉಳಿದದ್ದನ್ನು ಹಿತುಕಿದೆ. ಆ ಕೈಯ ವಾಸನೆಯಲ್ಲೇ ಮತ್ತೆ ಆಸ್ಪತ್ರೆಗೆ ಹೋದೆ.

ಅಪ್ಪ ಮತ್ತೆ ಕಣ್ಣು ಬಿಡಲಿಲ್ಲ. ಕೆಲವು ದಿನಗಳ ಕಾಲ ಕೊಳವೆಗಳ ನಡುವೆ ಮಲಗಿದ್ದ. ಅಲ್ಲಿಯ ಹೊರಾಂಗಣದಲ್ಲಿ ಒಂದು ಬೆಳಿಗ್ಗೆ ಜ್ಯೋತಿ ನಿಂತಿದ್ದಳು, ಚೀಲವನ್ನು ಎದೆಗೆ ಅವಚಿಕೊಂಡು. ಕೆಲಸದಿಂದ ತೆಗೆದಿದ್ದರು. ನನ್ನ ಹತ್ತಿರ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಅಂಕಲ್ ನನ್ನ ಹೆಸರು ಕೇಳಿದ್ರು ಅಕ್ಕಾ" ಎಂದಳು. "ನಾನು ಕೇಳ್ಲಿಲ್ಲ."

ಅವಳನ್ನು ಬೈಯಬೇಕೆಂದು ನಾನು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಸಮಾಧಾನದ ಮಾತೂ ಬರಲಿಲ್ಲ. ಅವಳು ಹೊರಟುಹೋದಳು. ಹಿರಿಯೂರಿಗೆ ಹೋದಳೆಂದು ಆಮೇಲೆ ಕೇಳಿದೆ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಅಪ್ಪ ಹೋದ ದಿನ ದೊಡ್ಡ ಆಸ್ಪತ್ರೆಯ ಕೋಣೆಯಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ, ಮಂಚದ ದಿಕ್ಕು ಯಾವುದೆಂದು ಲೆಕ್ಕ ಹಾಕಿದೆ. ತಲೆ ಪೂರ್ವಕ್ಕಿತ್ತು. ಶಾಸ್ತ್ರದವರೆಲ್ಲ ಒಪ್ಪುವ ದಿಕ್ಕು.

ಕರ್ಮಗಳ ದಿನಗಳಲ್ಲಿ ಮನೆ ತುಂಬ ನೆಂಟರು. ಚಿಕ್ಕಪ್ಪ ಯಾರಿಗೋ ಹೇಳುತ್ತಿದ್ದ: "ಅಣ್ಣ ಯಾರ ಮಾತೂ ಕೇಳ್ತಿರ್ಲಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಿದಾನೆ. ಇನ್ನೇನಾಗುತ್ತೆ?" ಕೇಳಿದವರು ತಲೆಯಾಡಿಸಿದರು. ಅದು ಎಲ್ಲರಿಗೂ ಅನುಕೂಲವಾದ ಕಾರಣವಾಗಿತ್ತು. ಗಿರಿಜಮ್ಮ ಬಂದಿದ್ದರು, ಬಾಗಿಲ ಒಳಗೆ ಬರಲೂ ಹಿಂಜರಿದು ಅಮ್ಮನ ಕೈ ಹಿಡಿದುಕೊಂಡು ಅತ್ತರು.

"ನಮ್ಮೋರಿಗೆ ಬರಬೇಕಾಗಿದ್ದನ್ನ ಮೇಷ್ಟ್ರು ತಗೊಂಡ್ರು ತಾಯಿ. ಆ ದಿಕ್ಕೇ ಸರಿಯಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ."

"ದಿಕ್ಕಲ್ಲ ಗಿರಿಜಮ್ಮಾ" ಎಂದೆ. ನನ್ನ ದನಿ ಅಷ್ಟು ಜೋರಾಗಿದ್ದದ್ದು ಆಮೇಲೆ ಗೊತ್ತಾಯಿತು. ನೆಂಟರ ಮಾತು ನಿಂತಿತ್ತು. "ಇಂಜೆಕ್ಷನ್. ನಿಮ್ಮೋರ ಇಂಜೆಕ್ಷನ್ನು ಅಪ್ಪನಿಗೆ ಕೊಟ್ರು. ಅದನ್ನ ಕೊಟ್ಮೇಲೆ ಅಪ್ಪ ಯಾವ ದಿಕ್ಕಿಗೆ ಮಲಗಿದ್ರೂ ಅದೇ ಆಗ್ತಿತ್ತು."

ಅವರು ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ದೂರು ಕೊಟ್ಟಿದ್ದೇವೆ. ಅದು ತನ್ನ ಪಾಡಿಗೆ ನಡೆಯುತ್ತಿದೆ. ಅದಕ್ಕಿಂತ ಮುಂಚೆ ನಾನೂ ಅಮ್ಮನೂ ಹಿರಿಯ ಡಾಕ್ಟರನ್ನು ಕಾಣಲು ಹೋದೆವು. ಏನಾಯಿತೆಂದು ಒಬ್ಬರಾದರೂ ನಮ್ಮ ಮುಖಕ್ಕೆ ಹೇಳಲಿ ಎಂಬುದಷ್ಟೇ ನನಗೆ ಬೇಕಾಗಿತ್ತು. ಅವರು ವಯಸ್ಸಿನ ಮಾತಾಡಿದರು. ಸೋಂಕು ರಕ್ತಕ್ಕೆ ಹರಡಿದ್ದರೂ ಇರಬಹುದು ಎಂದರು. ಇನ್ಸುಲಿನ್ ಕೊಟ್ಟದ್ದರ ಬಗ್ಗೆ ಕೇಳಿದೆ.

"ನೋಡಮ್ಮಾ, ಮಂಚ ಬದಲಾಯಿಸ್ಕೊಂಡಿದ್ದು ನಿಮ್ಮ ತಂದೆಯವರೇ. ಪೇಷಂಟುಗಳು ಹಾಗೆಲ್ಲ ಮಾಡಬಾರದು."

ಅಪ್ಪನ ಒಂದು ಒಳ್ಳೆಯ ಕೆಲಸವನ್ನು ಅವನ ಸಾವಿನ ಕಾರಣವೆಂದು ಅವನ ತಲೆಗೇ ಕಟ್ಟುತ್ತಿದ್ದರು. ಅದುವರೆಗೆ ಕೈಚೀಲದ ಹಿಡಿಯನ್ನು ತಿರುವುತ್ತ ಕೂತಿದ್ದ ಅಮ್ಮ ತಲೆಯೆತ್ತಿದಳು.

"ಅವರು ಮಂಚ ಬಿಟ್ಟುಕೊಟ್ರು ಡಾಕ್ಟ್ರೇ. ಹೆಸರು ಬಿಟ್ಟುಕೊಟ್ಟಿರ್ಲಿಲ್ಲ."

ಡಾಕ್ಟರು ಮೇಜಿನ ಮೇಲಿನ ಕಾಗದ ಸರಿಸಿದರು. ಆಮೇಲೆ, "ಆ ಹುಡುಗೀನ ತೆಗೆದುಹಾಕಿದೀವಿ" ಎಂದರು.

"ಇನ್ನೊಬ್ಬಳು ಬರ್ತಾಳೆ. ಅವಳೂ ಅಂಕಲ್ ಅಂತಾಳೆ" ಎಂದಳು ಅಮ್ಮ. "ಲಾಂಡ್ರಿಯವನು ಸೀರೆ ಕೊಡುವಾಗ ಯಾರ ಹೆಸರಿಗೆ ಅಂತ ಕೇಳ್ತಾನೆ. ನೀವು ಹೆಸರು ಕೇಳಿ. ಅಷ್ಟು ಮಾಡಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತರು. ತಪ್ಪಾಯಿತು ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ನಾವು ಎದ್ದು ಬಂದೆವು. ಬಜಾರಿನಲ್ಲಿ ಅವರೆಕಾಯಿಯ ಕಾಲ ಮುಗಿದು ದ್ರಾಕ್ಷಿ ಬಂದಿತ್ತು.

ಮೊನ್ನೆ ಸಂಜೆ ಆ ಕೆಂಪು ನೆಲದ ಮೇಲೆ ಮತ್ತೆ ಕಾಲಿಟ್ಟೆ. ಅದೇ ಕೋಣೆ. ಶಿವರುದ್ರಪ್ಪನವರು ಕಿಟಕಿಯ ಪಕ್ಕದ ಮಂಚದಲ್ಲಿದ್ದರು, ಜ್ವರದ ಮಂಪರಿನಲ್ಲಿ. ಎದುರಿನ ಮಂಚದಲ್ಲಿ ಯಾರೋ ಅಪರಿಚಿತ ಮುದುಕರು ಉತ್ತರಕ್ಕೆ ತಲೆ ಹಾಕಿ ನಿದ್ರಿಸುತ್ತಿದ್ದರು. ಆ ಕಡೆಗೆ ನಾನು ಹೆಚ್ಚು ಹೊತ್ತು ನೋಡಲಾರದೆ ಹೋದೆ. ಗಿರಿಜಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದರು.

ಸಿಸ್ಟರೊಬ್ಬಳು ಟ್ರೇ ಹಿಡಿದು ಬಂದಳು. ಫೈಲು ತೆಗೆದು, ಮಂಚದ ಬಳಿ ನಿಂತಳು.

"ಅಂಕಲ್, ನಿಮ್ಮ ಹೆಸರು ಹೇಳಿ."

ಶಿವರುದ್ರಪ್ಪನವರು ಕಣ್ಣು ತೆರೆಯಲಿಲ್ಲ.

"ಆಂಟಿ, ಹಾಗಾದ್ರೆ ನೀವು ಹೇಳಿ. ಹೇಳದೆ ಕೊಡೋ ಹಾಗಿಲ್ಲ."

ನನ್ನ ಕೈಯೊಳಗೆ ಅವರ ಕೈ ಬಿಗಿಯಾಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೇವರ ಮುಂದೆ ನಿಂತವರಂತೆ ನೆಟ್ಟಗೆ ಕೂತು, ಗಿರಿಜಮ್ಮ ಗಂಡನ ಹೆಸರನ್ನು ಹೇಳಿದರು. "ಶಿವರುದ್ರಪ್ಪ." ಸಿಸ್ಟರು ಫೈಲಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಇಂಜೆಕ್ಷನ್ ಕೊಟ್ಟಳು.

ಅಪ್ಪನಾಗಿದ್ದರೆ ಹೆಸರಿನ ಜೊತೆಗೆ ಊರು, ಅಕ್ಷಾಂಶ, ರೇಖಾಂಶ ಎಲ್ಲ ಹೇಳಿ ಆ ಹುಡುಗಿಯನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತಿದ್ದ.

ಅವಳು ಹೋದ ಮೇಲೆ ಗಿರಿಜಮ್ಮ ಹೇಳಿದರು: "ಈಗ ಪ್ರತಿ ಸೂಜಿಗೂ ಹೇಳ್ತೀನಮ್ಮಾ. ಮೊದಲನೇ ದಿನ ನಾಲಿಗೇನೇ ಹೊರಳ್ಲಿಲ್ಲ. ಆಮೇಲೆ ಮೇಷ್ಟ್ರು ನೆನಪಾದ್ರು, ಹೇಳ್ಬಿಟ್ಟೆ." ಸ್ವಲ್ಪ ಹೊತ್ತು ಗಂಡನ ಹೊದಿಕೆ ಸರಿಮಾಡುತ್ತಿದ್ದರು. ಮತ್ತೆ ನನ್ನ ಕಡೆ ತಿರುಗಿದರು. "ಸುಮಾ, ಬೇಜಾರು ಮಾಡ್ಕೋಬೇಡ. ದಿನಾ ದೀಪ ಹಚ್ಚುವಾಗ ಮೇಷ್ಟ್ರು ಮೇಷ್ಟ್ರು ಅಂತಾನೇ ಕೈ ಮುಗೀತೀನಿ. ಅವರ ಹೆಸರೇನಮ್ಮಾ? ನಾನೂ ಕೇಳ್ಲೇ ಇಲ್ಲ."

ಎದುರಿನ ಮಂಚದ ಮುದುಕರು ಮಗ್ಗುಲು ಬದಲಾಯಿಸಿದರು.

"ಅನಂತರಾಮಯ್ಯ" ಎಂದೆ.

"ಅನಂತರಾಮಯ್ಯ" ಎಂದರು ಗಿರಿಜಮ್ಮ, ತಪ್ಪಬಾರದೆಂಬಂತೆ ಒಂದೊಂದೇ ಅಕ್ಷರ ಬಿಡಿಸಿ.